ಟಿವಿಯಲ್ಲಿ ಕಂಡ ಹೊಗೆ

ಅಬ್ಬಾ,

ಮನೆಯಲ್ಲಿ ಇವತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಜೊತೆಗೆ ಸ್ವಲ್ಪ ಮೊಸರು. ಹುಬ್ಬಳ್ಳಿಯಿಂದ ನೀವು ಹಾಕುತ್ತಿದ್ದ ಕಾರ್ಡುಗಳೆಲ್ಲ ಹೀಗೆ ಊಟದಿಂದಲೇ ಶುರುವಾಗುತ್ತಿದ್ದವು, ಉಳಿದ ಸುದ್ದಿ ಆಮೇಲೆ. ಬರೆದವನ ಹೊಟ್ಟೆ ತುಂಬಿದೆ ಎಂದು ಗೊತ್ತಾದರೆ ಓದುವವರ ಅರ್ಧ ಚಿಂತೆ ಕಡಿಮೆಯಾಗುತ್ತದೆ ಎನ್ನುತ್ತಿದ್ದಿರಿ. ನೀವು ಕಲಿತದ್ದು ಕನ್ನಡ ಸಾಲಿಯಲ್ಲಿ, ಅದೂ ಏಳನೆಯ ಇಯತ್ತೆಯವರೆಗೆ. ಮನೆಯಲ್ಲಿ ಉರ್ದು ಆಡಿದರೂ ಬರೆಯುವುದೆಂದರೆ ನಮ್ಮಿಬ್ಬರಿಗೂ ಕನ್ನಡವೇ. ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಇಷ್ಟು ತಡವಾಗಿ ಯಾಕೆ ಬರೆದಿ ಎಂದು ಕೇಳಬೇಡಿ. ನಿಮಗೆ ಹೇಳಬೇಕಾದ ಸುದ್ದಿ ನನಗೆ ಸಿಕ್ಕಿದ್ದೇ ಹೋದ ಭಾನುವಾರ. ಅದಕ್ಕೂ ಮೊದಲು ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು.

ರಂಜಾನ್ ಹಬ್ಬದ ಮರುದಿನ ನಿಮಗೆ ನೆನಪಿರಲೇಬೇಕು. ಮರೆಯಲು ನಾನು ಎಲ್ಲಿ ಬಿಟ್ಟೆ? ಅವತ್ತು ನಾನು ಕೆಲಸ ಮಾಡುವ ಕೋರ್ಟಿಗೆ ರಜೆ. ಕಂದು ಕಾಗದದಲ್ಲಿ ಸುತ್ತಿದ್ದ ದೊಡ್ಡ ಫೋಟೋ ತಂದು ನಿಮ್ಮ ಮುಂದೆ ಬಿಚ್ಚಿದೆ. ನಿಮ್ಮ ಆ ಹಳೆಯ ಧಾರಾವಾಹಿಯ ಮೊದಲ ದೃಶ್ಯ. ಹೆಸರುಗಳು ಬರುವ ಹೊತ್ತಿಗೆ ಬ್ಯಾಡಗಿ ಸ್ಟೇಷನ್ನಿನತ್ತ ಬರುವ ಉಗಿಬಂಡಿ, ಅರ್ಧ ಆಕಾಶ ಮುಚ್ಚುವಷ್ಟು ಕಪ್ಪು ಹೊಗೆ, ಎಂಜಿನ್ನಿನ ಬಾಗಿಲಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡು ನಿಂತ, ಬೆಂಕಿಗೆ ಇದ್ದಲು ಹಾಕುವ ತೆಳ್ಳನೆಯ ಫೈರ್‌ಮನ್. ಅದು ನೀವು. ಯಾರೋ ಮೊಬೈಲಿಗೆ ಬಿಟ್ಟಿದ್ದ ಮಾಸಿದ ವಿಡಿಯೋದಿಂದ ಆ ಚಿತ್ರ ತೆಗೆಸಿ, ನಮ್ಮ ರಾಣೆಬೆನ್ನೂರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದೆ. ನೀವು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಿರಿ. ಆಮೇಲೆ ಎದ್ದು, ಅದನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಇದು ಮನೆಯಲ್ಲಿ ಬೇಡ ಎಂದಿರಿ.

ಸಿಟ್ಟು ಬಂದರೆ ನನ್ನ ಬಾಯಿಗೆ ಬರುವುದು ಕನ್ನಡ. ಉರ್ದುವಿನಲ್ಲಿ ಬೈದರೆ ಬೀಗರನ್ನು ಊಟಕ್ಕೆ ಕರೆದ ಹಾಗಿರುತ್ತದೆ ಎಂದು ನೀವೇ ನನ್ನನ್ನು ಕಾಡಿಸುತ್ತಿದ್ದಿರಿ. ಅವತ್ತು ಏನೇನೋ ಅಂದೆ. ಆಯುಷ್ಯವೆಲ್ಲ ಕಲ್ಲಿದ್ದಲು ಎತ್ತಿ ಹಾಕಿದಿರಿ, ಯಾರೂ ನಿಮ್ಮ ಕಡೆ ತಿರುಗಿ ನೋಡಲಿಲ್ಲ, ನೋಡಿದ್ದು ಇದೊಂದರಲ್ಲಿ, ಅದಕ್ಕೂ ಬೆನ್ನು ತಿರುಗಿಸುತ್ತೀರಾ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮುಂದೆ ಹೇಳಿದ್ದನ್ನು ಇವತ್ತು ಬರೆಯಲು ಕೈ ಬರುವುದಿಲ್ಲ, ಆದರೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ.

“ಆ ಹೊಗಿ ಇರಲಿಲ್ಲಂದ್ರ ನಿಮ್ಮನ್ನ ಯಾರು ನೆನಸ್ತಿದ್ರು?”

ನೀವು ಯಾವ ಭಾಷೆಯಲ್ಲಿ ಕೇಳಿದರೆ ಅದೇ ಭಾಷೆಯಲ್ಲಿ ಉತ್ತರ ಕೊಡುವವರು. “ಖರೇ ಐತಿ ಬಿಡವಾ” ಎಂದಿರಿ. ದನಿ ಏರಿಸಲಿಲ್ಲ, ಮುಖವನ್ನೂ ಗಂಟು ಹಾಕಲಿಲ್ಲ. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಿರಿ. ಮೂರು ತಿಂಗಳ ನಂತರ ನೀವು ಹೋದಿರಿ. ಆ ಮೂರು ತಿಂಗಳಲ್ಲಿ ನಮ್ಮಿಬ್ಬರ ನಡುವೆ ನಡೆದದ್ದು ಚಹಾ ಮತ್ತು ಗುಳಿಗೆಯ ಮಾತು ಮಾತ್ರ. ಫೋಟೋ ಬೀರುವಿನ ಹಿಂದೆ ಸೇರಿತು. ನಾನು ಕ್ಷಮೆ ಕೇಳಲಿಲ್ಲ, ಯಾಕೆಂದರೆ ತಪ್ಪು ನಿಮ್ಮದೇ ಎಂದುಕೊಂಡಿದ್ದೆ. ಮಗಳು ಪ್ರೀತಿಯಿಂದ ತಂದದ್ದನ್ನು ಹಾಗೆ ತಿರುಗಿಸಿ ಇಡುವ ತಂದೆ…

ಸಣ್ಣವಳಿದ್ದಾಗಿನ ಒಂದು ಭಾನುವಾರ ನೆನಪಾಗುತ್ತದೆ. ನಮ್ಮ ಓಣಿಗೆಲ್ಲ ಸೇರಿ ಒಂದೇ ಟಿವಿ, ಅದು ಸಾಲಿ ಮಾಸ್ತರರ ಮನೆಯಲ್ಲಿ. ಧಾರಾವಾಹಿ ಶುರುವಾಗಿ ಮೂರು ವಾರವಾಗಿತ್ತು. ರಾಜೇಸಾಬರ ಎಂಜಿನ್ ಟಿವಿಯಲ್ಲಿ ಬರುತ್ತದೆ ಎಂದು ಓಣಿಗೆಲ್ಲ ಗೊತ್ತಾಗಿ, ಆ ವಾರ ನಿಮಗೆ ರಜೆ ಇದ್ದದ್ದನ್ನು ನೋಡಿ ಮಾಸ್ತರರೇ ಬಂದು ಕೈಹಿಡಿದು ಕರೆದುಕೊಂಡು ಹೋದರು, ಎಲ್ಲರ ಮುಂದೆ ಕುರ್ಚಿ ಹಾಕಿದರು. ನಾನು ನಿಮ್ಮ ಕಾಲ ಬಳಿ ಕುಳಿತಿದ್ದೆ. ಸಂಗೀತ ಬಂತು, ಗಾಡಿ ಬಂತು, ಹೊಗೆ ಬಂತು, ಜನ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ಕುರ್ಚಿ ಖಾಲಿ. ನೀವು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿದ್ದಿರಿ. ರಾಜೇಸಾಬರಿಗೆ ನಾಚಿಕೆ ಜಾಸ್ತಿ ಎಂದು ಮಾಸ್ತರರು ನಕ್ಕರು. ನನಗೂ ಹಾಗೇ ಅನ್ನಿಸಿತು. ಮರುದಿನ ಸಾಲಿಯಲ್ಲಿ ಮಾತ್ರ ನಿಮ್ಮ ಪಾಲಿನ ಹೆಮ್ಮೆಯನ್ನೂ ನಾನೇ ಪಟ್ಟೆ. ಇಡೀ ದೇಶ ನೋಡಿದ ಹೊಗೆ ನಮ್ಮಪ್ಪನದು ಎಂದು ಎಷ್ಟು ಜನರ ಮುಂದೆ ಕೊಚ್ಚಿಕೊಂಡೆನೋ.

ಅಮ್ಮಿಯ ಒಲೆಯ ಮುಂದೆ ನೀವು ಕುಕ್ಕುರುಗಾಲಲ್ಲಿ ಕೂರುತ್ತಿದ್ದುದು ಇನ್ನೂ ಕಣ್ಣ ಮುಂದಿದೆ. ಒಲೆ ಹೊಗೆಯಾಡಿದರೆ ನಿಮಗೆ ತಡೆಯುತ್ತಿರಲಿಲ್ಲ. ಕಟ್ಟಿಗೆ ಹಿಂದಕ್ಕೆಳೆದು, ಗಾಳಿಗೆ ದಾರಿ ಮಾಡಿ, ಒಂದೊಂದೇ ತುಂಡು ಒಳಗೆ ತಳ್ಳಿ, ಉರಿ ಹಳದಿಯಾಗಿ ನಿಂತ ಮೇಲೆ ಏಳುತ್ತಿದ್ದಿರಿ. ಹೊಗೆ ಎಂದರೆ ಉರಿಯದೆ ಹೋದ ಕಟ್ಟಿಗೆ ಎನ್ನುತ್ತಿದ್ದಿರಿ. ಡ್ಯೂಟಿ ಮಾಡುವುದು ಎಂಜಿನ್ ಮೇಲೋ ನನ್ನ ಅಡುಗೆಮನೆಯಲ್ಲೋ ಎಂದು ಅಮ್ಮಿ ರೇಗುತ್ತಿದ್ದರು. ಅಷ್ಟು ಸಲ ಕೇಳಿದ್ದೇನೆ ಆ ಮಾತನ್ನು. ಅದನ್ನೂ ಟಿವಿಯ ಆ ಹೊಗೆಯನ್ನೂ ಒಮ್ಮೆಯಾದರೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ಯಾಕೆ ಹೊಳೆಯಲಿಲ್ಲ? ಹಾವೇರಿ ಕೋರ್ಟಿನಲ್ಲಿ ಇಪ್ಪತ್ತೈದು ವರ್ಷದಿಂದ ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತಿದ್ದೇನೆ. ಊರವರ ಸಾಕ್ಷಿಯೆಲ್ಲ ನನ್ನ ಬೆರಳ ತುದಿಯಲ್ಲಿದೆ. ಮನೆಯ ಕಟ್ಟೆಯ ಮೇಲೆ ಕುಳಿತವರನ್ನು ಏನಾಯಿತು ಹೇಳಿ ಎಂದು ನಾನು ಕೇಳಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಸಂಜೆ, ಹಾವೇರಿಯಿಂದ ಮನೆಗೆ ಬರುವ ಗಾಡಿಯಲ್ಲಿ ಮೊಬೈಲಿಗೆ ಒಂದು ಸಂದೇಶ ಬಂತು. ಬರೆದವರು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು. ಹಳೆಯ ಧಾರಾವಾಹಿಗಳಲ್ಲಿ ಕಂಡ ಉಗಿಬಂಡಿಗಳು ನಿಜವಾಗಿ ಯಾವುವು, ಎಲ್ಲಿಯವು ಎಂದು ಹುಡುಕುವುದೇ ಅವರ ಹವ್ಯಾಸ. ನಿಮಗೆ ಇಂಥವರು ಇಷ್ಟವಾಗುತ್ತಿದ್ದರು. ಒಂದು ಧಾರಾವಾಹಿಯಲ್ಲಿ ಹಿಮದ ಊರಿಗೆ ಹೊರಟ ಗಾಡಿ ಖರೇ ಅಂದರೆ ಯಾವುದೋ ಸಕ್ಕರೆ ಕಾರ್ಖಾನೆಯ ಕಬ್ಬಿನ ಗಾಡಿಯಂತೆ. ಇನ್ನೊಂದರಲ್ಲಿ ಎಂಜಿನ್ ಒಂದೂರಿನದು, ಸೀಟಿ ಇನ್ನೊಂದೂರಿನದು. ಒಂದರಲ್ಲಿ ಹಿಂದಕ್ಕೆ ಹೋಗುವ ಗಾಡಿಯನ್ನು ತಿರುಗಾಮುರುಗಾ ತೋರಿಸಿ ಮುಂದಕ್ಕೆ ಬರಿಸಿದ್ದಾರಂತೆ. ಓದುತ್ತ ಒಬ್ಬಳೇ ನಕ್ಕೆ. ನಿಮ್ಮ ಗಾಡಿಯ ವಿಡಿಯೋದ ಕೆಳಗೆ ‘ಈ ಫೈರ್‌ಮನ್ ನಮ್ಮ ತಂದೆ’ ಎಂದು ನಾನು ಹಿಂದೊಮ್ಮೆ ಬರೆದದ್ದನ್ನು ನೋಡಿ ಅವರು ನನ್ನನ್ನು ಹುಡುಕಿದ್ದರು. ಆ ಎಂಜಿನ್ ಗುಜರಿಗೆ ಹೋಗಿದೆಯಂತೆ. ಅವರಿಗೆ ಬೇಕಾಗಿದ್ದದ್ದು ಒಂದೇ. ‘ನಾನು ನೋಡಿದ ಎಲ್ಲ ಧಾರಾವಾಹಿಗಳಲ್ಲಿ ಇಂಥ ಭವ್ಯವಾದ ಹೊಗೆ ಮತ್ತೊಂದಿಲ್ಲ, ನಿಮ್ಮ ತಂದೆ ಅದನ್ನು ಹೇಗೆ ಎಬ್ಬಿಸಿದರು?’ ಎಂದು ಕೇಳಿದ್ದರು.

ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ನಿಮ್ಮ ಡ್ರೈವರ್ ಫಕ್ಕೀರಪ್ಪ ಕಾಕಾ. ನಿಮ್ಮ ಜನಾಜಾದ ದಿನ ಮಗನ ಬೈಕಿನ ಹಿಂದೆ ಕುಳಿತು ಅಗಡಿಯಿಂದ ಬಂದವರು ಕಬರಸ್ತಾನದ ಗೇಟಿನಲ್ಲಿ ನಿಂತೇ ಇದ್ದರು, ಒಳಗೆ ಬರಲಿಲ್ಲ. ಯಾಕೆ ಎಂದು ಆಗ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ಶನಿವಾರ ಬೀರುವಿನ ಹಿಂದಿನಿಂದ ಫೋಟೋ ತೆಗೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಅಗಡಿಗೆ ಹೋದೆ. ಕಾಕಾ ಹೊಲದಿಂದ ಆಗಷ್ಟೇ ಬಂದಿದ್ದರು. ಎಂಬತ್ತು ದಾಟಿದರೂ ಮಗನ ಜೊತೆ ಹೊಲಕ್ಕೆ ಹೋಗುವುದು ಬಿಟ್ಟಿಲ್ಲ. ಚಹಾ ಆಯಿತು, ಊಟ ಮಾಡಿಯೇ ಹೋಗಬೇಕೆಂಬ ಹಟ ಆಯಿತು. ಫೋಟೋ ಕೊಟ್ಟೆ. ನಿಮ್ಮ ಹಾಗೆಯೇ ಬಹಳ ಹೊತ್ತು ನೋಡಿದರು. ಆಮೇಲೆ ಬಲಗಡೆ ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟು, ಇದು ಏನು ಗೊತ್ತೇನು ಎಂದರು. ಅಲ್ಲಿ ಕಂದು ಬಣ್ಣದ ಒಂದು ಪಟ್ಟಿ ಇದೆ. ಉತ್ತ ಹೊಲ ಅಂದುಕೊಂಡಿದ್ದೆ. ಮೆಣಸಿನಕಾಯಿ ಎಂದರು ಕಾಕಾ.

ಅವರು ಹೇಳಿದ್ದನ್ನು ನಿಮಗೇ ತಿರುಗಿ ಹೇಳುವುದು ಹುಚ್ಚುತನ. ಆದರೂ ಹೇಳುತ್ತೇನೆ, ನನಗೆ ಗೊತ್ತಾಯಿತು ಎಂದು ನಿಮಗೆ ಗೊತ್ತಾಗಲಿ. ಸುಗ್ಗಿಯಲ್ಲಿ ಬ್ಯಾಡಗಿ ಸ್ಟೇಷನ್ನಿನ ಆಚೆ, ಹಳಿಯ ಪಕ್ಕದ ಬಯಲಿನಲ್ಲಿ ಹೆಂಗಸರು ಮೆಣಸಿನಕಾಯಿ ಒಣಹಾಕುತ್ತಿದ್ದರು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ. ಗಾಡಿಯ ಮಸಿ ಬಿದ್ದರೆ ಬಣ್ಣ ಕೆಟ್ಟಿತು. ಅದಕ್ಕೆ ದೂರದಲ್ಲಿ ಗಾಡಿಯ ಸದ್ದಾದರೆ ಸಾಕು, ಹಳೆಯ ಸೀರೆ, ಗೋಣಿತಟ್ಟು, ಕೌದಿ ಏನು ಸಿಕ್ಕರೆ ಅದನ್ನು ಹೊದಿಸಿ, ಗಾಡಿ ಹೋದ ಮೇಲೆ ತೆಗೆಯುತ್ತಿದ್ದರು. ದಿನಕ್ಕೆ ಎಷ್ಟೋ ಸಲ ಓಡಾಟ. ನಿಮ್ಮ ಗಾಡಿಗೆ ಮಾತ್ರ ಹೊದಿಸುತ್ತಿರಲಿಲ್ಲ. ರಾಜೇಸಾಬನ ಬೆಂಕಿ ಮಸಿ ಉಗುಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಸ್ಟೇಷನ್ನಿಗಿಂತ ಮೊದಲು ಬರುವ ಔಟರ್ ಸಿಗ್ನಲ್ ಹತ್ತಿರ ಕಾಕಾ ಒಂದು ಉದ್ದ, ಎರಡು ಗಿಡ್ಡ ಸೀಟಿ ಹೊಡೆಯುತ್ತಿದ್ದರು. ನಾವು ಬಂದೆವು, ಹೊದಿಸಬೇಡಿ ಎಂದು ಅದರ ಅರ್ಥ. ಇದು ಯಾವ ರೈಲ್ವೆ ಪುಸ್ತಕದಲ್ಲೂ ಇರಲಿಲ್ಲ. ನಿಮ್ಮಿಬ್ಬರಿಗೂ ಆ ಹೆಂಗಸರಿಗೂ ಇದ್ದ ಒಪ್ಪಂದ. ನನಗೆ ಇದನ್ನು ಒಮ್ಮೆಯೂ ಹೇಳಲಿಲ್ಲ ನೀವು. ಹೇಳಿದ್ದರೆ ಸಾಲಿಯಲ್ಲಿ ಇದನ್ನೇ ಕೊಚ್ಚಿಕೊಳ್ಳುತ್ತಿದ್ದೆನಲ್ಲ.

ಶೂಟಿಂಗಿನ ದಿನದ ಮಾತಿಗೆ ಬರುವಾಗ ಕಾಕಾ ಫೋಟೋವನ್ನು ಕೆಳಗಿಟ್ಟರು. ರೈಲ್ವೆಯವರು ಒಂದು ಎಂಜಿನ್, ನಾಲ್ಕು ಡಬ್ಬಿ ಕೊಟ್ಟಿದ್ದರಂತೆ. ಔಟರ್‌ವರೆಗೆ ಹಿಂದೆ ಹೋಗಬೇಕು, ತಿರುಗಿ ಸ್ಟೇಷನ್ನಿಗೆ ಬರಬೇಕು. ಎರಡು ಸಲ ಬಂದಿರಿ, ಎರಡು ಸಲವೂ ಚಿಮಣಿಯ ಮೇಲೆ ತೆಳ್ಳಗೆ ಬಿಳಿ ಬಿಟ್ಟರೆ ಏನೂ ಇಲ್ಲ. ಎಂಜಿನ್ ಸತ್ತ ಹಾಗೆ ಕಾಣುತ್ತದೆ, ಹೊಗೆ ಬೇಕು ಎಂದರಂತೆ ಕ್ಯಾಮೆರಾದವರು. ಬೆಂಕಿ ಚೆನ್ನಾಗಿದ್ದರೆ ಹೀಗೇ ಕಾಣುವುದು ಎಂದಿರಂತೆ ನೀವು. ಅವರು ಕೇಳಲಿಲ್ಲ. ನೀವೂ ಸಲಿಕೆ ಕೆಳಗಿಟ್ಟು ಕುಳಿತಿರಂತೆ, ಅದು ನನ್ನ ಕೈಯಿಂದ ಆಗದು ಎಂದು. ಹೊತ್ತು ಮುಳುಗುತ್ತ ಬಂದಿತ್ತು. ಎಂಜಿನ್ ಮೇಲೆ ಡ್ರೈವರನದೇ ಕೊನೆಯ ಮಾತು.

“ಹಾಕಂತ ಹೇಳಿದಾಂವ ನಾನವಾ” ಎಂದರು ಕಾಕಾ. “ಒಂದ ಸಲ ಹಾಕಿಬಿಡೋ ರಾಜ್ಯಾ, ಲಗೂ ಮುಗಿಸಿ ಮನಿಗೆ ಹೋಗೋಣು ಅಂದೆ. ಅಂವ ನನ್ನ ಮಾತು ಎಂದೂ ಮೀರಿದಾಂವಲ್ಲ.”

ನೀವು ಒದ್ದೆ ಪುಡಿ ಇದ್ದಲನ್ನು ಸಲಿಕೆಯ ಮೇಲೆ ಸಲಿಕೆ ತುಂಬಿ, ಗಾಳಿಯ ಬಾಗಿಲು ಮುಚ್ಚಿದಿರಿ. ಗಾಡಿ ಹೊರಟಿತು. ಔಟರ್ ಬಂದ ಕೂಡಲೇ ಕಾಕಾರ ಕೈ ತಾನಾಗಿಯೇ ಸೀಟಿಯ ಹಗ್ಗಕ್ಕೆ ಹೋಯಿತಂತೆ. ವರ್ಷಗಟ್ಟಲೆಯ ರೂಢಿ. ಒಂದು ಉದ್ದ, ಎರಡು ಗಿಡ್ಡ. ಗಾಡಿಯ ಸದ್ದಿಗೆ ಸೀರೆ ಹಿಡಿದು ಎದ್ದಿದ್ದ ಹೆಂಗಸರು ಆ ಸೀಟಿ ಕೇಳಿ ಮತ್ತೆ ಕುಳಿತರು. ಅದನ್ನು ನೀವೂ ನೋಡಿದಿರಿ. ಅಷ್ಟರಲ್ಲಿ ಹೊಗೆ ಏಳಲು ಶುರುವಾಗಿತ್ತು, ಗಾಳಿ ಬಯಲಿನ ಕಡೆಯೇ ಇತ್ತು. ಕೂಗಿ ಹೇಳಿದಿರಂತೆ, ಹೊದಿಸಿ ಹೊದಿಸಿ ಎಂದು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಆ ಫೋಟೋದಲ್ಲಿ ನೀವು ಬಾಗಿಲಿನಿಂದ ಹೊರಗೆ ಬಾಗಿರುವುದು ಕ್ಯಾಮೆರಾ ನೋಡಲು ಅಂದುಕೊಂಡಿದ್ದೆ ಅಬ್ಬಾ. ನಿಮ್ಮ ಬಾಯಿ ತೆರೆದಿದೆ. ನಗು ಅಂದುಕೊಂಡಿದ್ದೆ. ಆ ನಗುವನ್ನೇ ಕಟ್ಟು ಹಾಕಿಸಿ ನಿಮಗೆ ಹಬ್ಬದ ಉಡುಗೊರೆ ಕೊಟ್ಟೆ ನಾನು.

ಕ್ಯಾಮೆರಾದವರಿಗೆ ಒಂದೇ ಸಲಕ್ಕೆ ಬೇಕಾದ್ದು ಸಿಕ್ಕಿತು, ಅವರು ಖುಷಿಯಿಂದ ಚಪ್ಪಾಳೆ ಹೊಡೆದರು. ಆ ಕಡೆ ಹೆಂಗಸರು ಸೀರೆ ಹಿಡಿದು ಓಡಾಡುತ್ತಿದ್ದರು. ಹಳಿಗೆ ಎಲ್ಲರಿಗಿಂತ ಹತ್ತಿರ ಹರಡಿದ್ದವಳು ಗಂಗವ್ವ. ಉಳಿದವರ ಕಾಯಿ ಅಷ್ಟಿಷ್ಟು ಉಳಿದವು, ಅವಳ ಇಡೀ ಹರವು ಮಸಿಯಾಯಿತು. ಅವಳು ಬೈಯಲಿಲ್ಲವಂತೆ. ಎಂಜಿನ್ನಿನ ಕಡೆ ನೋಡುತ್ತ ಸುಮ್ಮನೆ ನಿಂತಳಂತೆ. ಬೈದಿದ್ದರೆ ರಾಜ್ಯಾ ಅವತ್ತೇ ಹಗುರಾಗುತ್ತಿದ್ದ ಎಂದರು ಕಾಕಾ. ಎರಡು ದಿನದ ನಂತರ ನೀವು ಅವರನ್ನೇ ಬ್ಯಾಡಗಿಗೆ ಕಳಿಸಿದಿರಿ, ನನ್ನ ಹೆಸರು ಹೇಳಬೇಡ, ಆ ಕಾಯಿ ಅಷ್ಟೂ ಒಳ್ಳೆ ಕಾಯಿಯ ದರಕ್ಕೇ ತೆಗೆದುಕೊಂಡು ಬಾ ಎಂದು. ಅಬ್ಬಾ, ಅದನ್ನು ಕೇಳುವಾಗ ನನಗೆ ಆ ವರ್ಷ ನೆನಪಾಯಿತು. ಮನೆಯಲ್ಲಿ ಮೆಣಸಿನಕಾಯಿಯ ಚೀಲಗಳು ಬಂದು ಬಿದ್ದಿದ್ದವು. ಅಮ್ಮಿ ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟು ಒಂದೊಂದೇ ಕಾಯಿ ಒರೆಸಲು ಕೂರಿಸುತ್ತಿದ್ದರು. ಸುಕ್ಕುಸುಕ್ಕಾದ ಬ್ಯಾಡಗಿ ಕಾಯಿ ಒರೆಸುವ ಶಿಕ್ಷೆ ಶತ್ರುವಿಗೂ ಬೇಡ. ಎಲ್ಲಿಂದ ತಂದರು ಇಂಥ ಕೊಳಕು ಕಾಯಿ, ಇವರಿಗೆ ಸಂತೆ ಮಾಡಲು ಬರುವುದಿಲ್ಲ ಎಂದು ನಾನು ಗೊಣಗುತ್ತಿದ್ದೆ. ನೀವು ಪಕ್ಕದಲ್ಲೇ ಕುಳಿತು ಒರೆಸುತ್ತಿದ್ದಿರಿ. ವರ್ಷವೆಲ್ಲ ಅದನ್ನೇ ತಿಂದೆವು.

ಕಬರಸ್ತಾನದ ಒಳಗೆ ಯಾಕೆ ಬರಲಿಲ್ಲ ಕಾಕಾ ಎಂದು ಆಗ ಕೇಳಿದೆ. ಅವರು ಮೂಗು ಒರೆಸಿಕೊಂಡು ರೊಟ್ಟಿಗೆ ಹೇಳಲು ಒಳಗೆ ಹೋದರು. ಬಂದ ಮೇಲೆ ಇನ್ನೊಂದೇ ಮಾತು ಹೇಳಿದರು. ಅವತ್ತಿನಿಂದ ಆ ಸೀಟಿ ಹೊಡೆಯಬೇಡ ಎಂದಿರಂತೆ ನೀವು. ಉಗಿ ಎಂಜಿನ್ ಓಡಿದಷ್ಟು ವರ್ಷವೂ ಬ್ಯಾಡಗಿ ಬಂತೆಂದರೆ ತಲೆ ತಗ್ಗಿಸಿ ಸಲಿಕೆ ಹಿಡಿದು, ಸ್ಟೇಷನ್ ದಾಟುವವರೆಗೆ ಬೆಂಕಿ ಬಿಟ್ಟು ಬೇರೆ ಏನೂ ನೋಡುತ್ತಿರಲಿಲ್ಲವಂತೆ. ನನಗೆ ಕೆಲಸ ಸಿಕ್ಕ ಮೊದಲ ದಿನ ನೀವು ನನ್ನನ್ನು ಹಾವೇರಿಗೆ ಬಿಡಲು ಬಂದಿದ್ದಿರಿ. ಆಗ ಡೀಸೆಲ್ ಗಾಡಿ. ಬ್ಯಾಡಗಿಯಲ್ಲಿ ಗಾಡಿ ನಿಂತಾಗ ಕಿಟಕಿಯ ಪಕ್ಕ ಕುಳಿತಿದ್ದ ನೀವು ಬಗ್ಗಿ ನನ್ನ ಬುತ್ತಿಯ ಚೀಲದಲ್ಲಿ ಏನನ್ನೋ ಹುಡುಕಲು ಶುರು ಮಾಡಿದಿರಿ. ಗಾಡಿ ಹೊರಟ ಮೇಲೆ ಏನು ಸಿಕ್ಕಿತು ಎಂದು ಕೇಳಿದೆ, ಏನಿಲ್ಲ ಎಂದಿರಿ. ನೋಡಿ, ಆಗಲೂ ನಾನು ಮುಂದೆ ಕೇಳಲಿಲ್ಲ.

ಆ ಮ್ಯಾನೇಜರಿಗೆ ಉತ್ತರ ಬರೆದೆ. ಅದು ಭವ್ಯವಾದ ಹೊಗೆ ಅಲ್ಲ, ಕೆಡಿಸಿದ ಬೆಂಕಿ, ನಮ್ಮ ತಂದೆ ಅದನ್ನು ಒಲ್ಲದ ಮನಸ್ಸಿನಿಂದ ಒಂದೇ ಒಂದು ಸಲ ಮಾಡಿದರು, ಅವರು ಹೊಗೆ ಬಿಡದ ಫೈರ್‌ಮನ್ ಎಂದು ಬರೆಯಿರಿ ಎಂದೆ. ಅವರು ಒಳ್ಳೆಯ ಮನುಷ್ಯ, ಬರೆದುಕೊಂಡರು. ಆದರೆ ನನಗೆ ಸಮಾಧಾನ ಆಗಲಿಲ್ಲ. ಎಲ್ಲೋ ಇರುವವರಿಗೆ ಹೇಳಿ ಏನು ಬಂತು? ನೀವು ತಲೆ ತಗ್ಗಿಸಿದ್ದು ಅವರ ಮುಂದೆ ಅಲ್ಲವಲ್ಲ. ದಿನಾ ಎರಡು ಸಲ ಬ್ಯಾಡಗಿ ದಾಟುತ್ತೇನೆ, ಒಮ್ಮೆಯೂ ಇಳಿದಿರಲಿಲ್ಲ. ಇಳಿಯಲು ಧೈರ್ಯ ಬರಲು ಆರು ವಾರ ಹಿಡಿಯಿತು. ನಿಮ್ಮ ಪರವಾಗಿ ನಾನಾದರೂ ಗಂಗವ್ವನ ಮುಂದೆ ನಿಂತು ತಪ್ಪಾಯಿತು ಎನ್ನಬೇಕು ಎನ್ನಿಸಿತ್ತು. ಬದುಕಿದ್ದರೆ.

ಹೋದ ಭಾನುವಾರ ಬ್ಯಾಡಗಿಯಲ್ಲಿ ಇಳಿದೆ. ಆ ಬಯಲು ಈಗಿಲ್ಲ, ಗೋದಾಮುಗಳೂ ಮನೆಗಳೂ ಎದ್ದಿವೆ. ಹಳಿ ದಂಡೆಗೆ ಕಾಯಿ ಒಣಹಾಕುತ್ತಿದ್ದ ಗಂಗವ್ವ ಎಂದು ಮೂರು ಕಡೆ ಕೇಳಿದ ಮೇಲೆ ಒಂದು ಹಂಚಿನ ಮನೆ ತೋರಿಸಿದರು. ಬಾಗಿಲಲ್ಲಿ ಒಬ್ಬ ಮುದುಕಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕಣ್ಣು ಮಂಜು, ಕೈ ಮಾತ್ರ ಚುರುಕು. ನಾನು ಯಾರ ಮಗಳು ಎಂದು ಹೇಳಿದೆ. ಕೈ ನಿಂತಿತು. ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ನೀವು ಇಲ್ಲ ಎಂದು ಹೇಳಿದೆ. ಆಮೇಲೆ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ಆ ಹೊಗೆ ನಮ್ಮಪ್ಪನ ಮನಸ್ಸಿನದಲ್ಲ ಆಯೀ ಎಂದೆ, ಅಷ್ಟೇ ಬಂತು.

ಅವಳಿಗೆ ಅದು ಆ ದಿನವೇ ಗೊತ್ತಿತ್ತಂತೆ. ನೀವು ಬಾಗಿಲಿನಿಂದ ಬಾಗಿ ಕೂಗಿದ್ದು ಕೇಳಿಸಲಿಲ್ಲ, ಕಾಣಿಸಿತು ಎಂದಳು. ಕಾಯಿ ಕೊಳ್ಳಲು ಡ್ರೈವರ್ ಬಂದಾಗ ಯಾರು ಕಳಿಸಿದ್ದು ಎಂದು ಕೇಳುವಷ್ಟು ದಡ್ಡಿಯೂ ಅವಳಾಗಿರಲಿಲ್ಲ. ಊರಲ್ಲಿ ಯಾರದೋ ಮನೆಯಲ್ಲಿ ಆ ಧಾರಾವಾಹಿಯನ್ನೂ ನೋಡಿದಳಂತೆ. ಕಪ್ಪುಬಿಳುಪು ಟಿವಿ. ಮಸಿ ಬೀಳುವ ಮೊದಲೇ ನನ್ನ ಕಾಯಿ ಕರ್ರಗಿದ್ದವು ಎಂದು ಹಲ್ಲಿಲ್ಲದ ಬಾಯಿಂದ ನಕ್ಕಳು. ನಾನೂ ನಕ್ಕೆ, ಅತ್ತೆ, ಎರಡೂ ಒಟ್ಟಿಗೇ ಆಯಿತು. ಹಾಗಾದರೆ ಆಯೀ, ಆಮೇಲೆ ನಿಮಗೆ ಗಾಡಿ ಬಂದಾಗಲೆಲ್ಲ ಹೊದಿಸುವ ಕಷ್ಟ ಬಂತಲ್ಲ, ಸೀಟಿ ನಿಂತುಹೋಯಿತಲ್ಲ ಎಂದೆ. ಅದಕ್ಕೆ ಅವಳು ಹೇಳಿದ್ದನ್ನು ಅವಳ ಬಾಯಿಯಲ್ಲೇ ಕೇಳಿ ಅಬ್ಬಾ. ಇದನ್ನು ಹೇಳಲಿಕ್ಕೇ ನಾನು ಇಷ್ಟೆಲ್ಲ ಬರೆದೆ.

“ಸೀಟಿ ನಿಂತರೇನಾತವಾ, ಹೊಗಿ ನೋಡಿದ್ರ ಗೊತ್ತಾಗತಿತ್ತಲ್ಲ. ದೂರದಾಗ ಗಾಡಿ ಕಂಡ ಕೂಡ್ಲೇ ಚಿಮಣಿ ನೋಡತಿದ್ದೆ. ಬೆಳ್ಳಗಿದ್ರ ಅದು ನಿಮ್ಮಪ್ಪನ ಕೈ. ಉಳದಾವರು ಹೊದಿಸಿದ್ರು. ನಾ ಒಂದ ದಿನಾನೂ ಹೊದಿಸಲಿಲ್ಲ. ಕೈ ಎತ್ತಿ ನಿಂದ್ರತಿದ್ದೆ. ಅಂವ ತಲಿ ಎತ್ತಲೇ ಇಲ್ಲ.”

ಉಗಿ ಎಂಜಿನ್ ನಿಲ್ಲುವವರೆಗೂ ಹಾಗೆ ನಿಂತಳಂತೆ ಅಬ್ಬಾ, ಪ್ರತಿ ಸುಗ್ಗಿಯಲ್ಲೂ.

ನಿಮ್ಮ ಮಗಳು
ಜೈತುನ್